ಸಾಹೇಬರ ಬಾಟಲಿ

ಸುತ್ತಲಿನ ಹನ್ನೊಂದು ಹಳ್ಳಿಗಳ ಮಳೆನೀರೆಲ್ಲ ಹರಿದು ಬಂದು ನಿಲ್ಲುವುದು ಈ ತಗ್ಗಿನ ಊರಿನಲ್ಲಿ. ಇಲ್ಲಿಂದ ಮುಂದೆ ಹೋಗಲು ಅದಕ್ಕೆ ದಾರಿಯಿಲ್ಲ. ನಿಂತಲ್ಲೇ ಬತ್ತುತ್ತ ಬಾವಿಗಳನ್ನೆಲ್ಲ ಉಪ್ಪಾಗಿಸುತ್ತದೆ. ಆ ಸವಳು ನೀರನ್ನೇ ಕುಡಿದು ಫಕೀರಪ್ಪನಿಗೆ ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿತ್ತು. ನೀರು ಬದಲಿಸದಿದ್ದರೆ ಮೂರನೆಯ ಸಲ ತನ್ನ ಹತ್ತಿರ ಬರಬೇಡ ಎಂದಿದ್ದರು ಡಾಕ್ಟರು.

ಹೊಳೆ ನೀರಿನ ಪೈಪು ಯಾವ ಯಾವ ಊರಿಗೆ ಬೇಕೆಂದು ನೋಡಲು ಒಬ್ಬ ಸಾಹೇಬರು ಬಂದರು. ಫಕೀರಪ್ಪ ಹೊಲದಲ್ಲಿದ್ದ. ಅವನ ಹೆಂಡತಿ ನೀಲವ್ವ ಕಂಬಳಿ ಹಾಸಿ, ಬೆಲ್ಲ ನೀರು ಕೊಟ್ಟಳು. ಸಾಹೇಬರು ಚೀಲದಿಂದ ಬಾಟಲಿ ತೆಗೆದರು.

“ಊರಿಗೆ ಒಂದ ಬಾಟ್ಲಿ. ನೀವು ಕುಡಿಯೋ ನೀರು ಇದರಾಗ ತುಂಬಿ ಕೊಡ್ರಿ. ದೊಡ್ಡ ಸಾಹೇಬ್ರಿಗೆ ಕಳಸಬೇಕು.”

ಯಾಕೆಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಟಲಿಯನ್ನು ತಿಕ್ಕಿ ತೊಳೆದು, ತುಂಬಿ, ಸೆರಗಿನಿಂದ ಒರೆಸಿ ಕೊಟ್ಟಳು.

ಮಳೆಗಾಲ ಕಳೆದ ಮೇಲೆ ಪಂಚಾಯ್ತಿ ಗೋಡೆಗೆ ಪಟ್ಟಿ ಅಂಟಿಸಿದರು. ಹನ್ನೊಂದು ಊರಿಗೆ ಪೈಪು ಬರಲಿತ್ತು. ಈ ಊರಿನ ಹೆಸರಿನ ಮುಂದೆ, ‘ನೀರು ಸಿಹಿಯಾಗಿದೆ, ಪೈಪಿನ ಅಗತ್ಯವಿಲ್ಲ’ ಎಂದು ಬರೆದಿತ್ತು.

ಫಕೀರಪ್ಪ ಸೊಂಟ ಹಿಡಿದುಕೊಂಡು ಮನೆಗೆ ಬಂದ.

“ಅವತ್ತು ಬಾಟ್ಲಿ ಯಾವ ಕೊಡದಾಗಿನ ನೀರಿಂದ ತುಂಬಿದಿ?”

ನೀಲವ್ವ ಮೂಲೆಯ ತಾಮ್ರದ ಕೊಡದ ಕಡೆ ನೋಡಿದಳು. ಎರಡು ಗುಡ್ಡದಾಚೆಯಿಂದ ಅವಳು ಹೊತ್ತು ತರುವ ಆ ನೀರನ್ನು ಮನೆಯವರು ಯಾರೂ ಮುಟ್ಟುವುದಿಲ್ಲ.

“ಮನಿಗೆ ಬಂದವರಿಗೆ ಸವಳು ನೀರು ಹ್ಯಾಂಗ ಕೊಡ್ಲಿ?” ಅಂದಳು.