ಬೆಟ್ಟ ನಡುಗಿದ ಭಾನುವಾರ

ಭಾನುವಾರ ಲಾಂಚಿನಲ್ಲಿ ಸಮುದ್ರ ದಾಟಿ, ಸತ್ತವರು ಪಾಪ ಕಳೆದುಕೊಳ್ಳುವ ಬೆಟ್ಟಕ್ಕೆ ಹೋಗಿಬರುವುದು ಕುಂದಾಪುರದವರಿಗೆ ರೂಢಿ. ಜಲಜಾಕ್ಷಿಯೂ ಗಂಡನನ್ನು ನೋಡಲು ಹೋದಳು. ಯಕ್ಷಗಾನದ ದೊಡ್ಡ ಭಾಗವತನಾಗಿದ್ದ ವಾಸುದೇವ ಬದುಕಿದ್ದಾಗ ಬೇರೆ ಯಾರ ಹಾಡನ್ನೂ ಕಿವಿಗೆ ಹಾಕಿಕೊಂಡವನಲ್ಲ. ಆ ಗರ್ವಕ್ಕಾಗಿ ಈಗ ಬೆನ್ನ ಮೇಲೆ ಬಂಡೆ ಹೊತ್ತು ಬಾಗಿ ನಡೆಯುತ್ತಿದ್ದ.

"ಇವತ್ತ್ ನೀನೊಂದ್ ಹಾಡ್ ಹೇಳೇ. ನಾ ಕೇಳ್ತೆ," ಎಂದ.

"ನಾನಾ? ನಂದ್ ಅಡುಗೆಮನಿ ಹಾಡ್ ಮಾರಾಯ್ರೆ!"

"ಅದೇ ಬೇಕ್."

ಅವಳು ನಾಚುತ್ತಲೇ ಹಾಡಿದಳು. ಅವನು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ. ಬಂಡೆ ಜಾರಿ ಬಿತ್ತು. ಯಾರಾದರೂ ಬಿಡುಗಡೆಯಾದಾಗಲೆಲ್ಲ ಆಗುವಂತೆ ಬೆಟ್ಟವೇ ನಡುಗಿತು. ಸುತ್ತಲಿದ್ದವರೆಲ್ಲ ಕೇಕೆ ಹಾಕಿದರು. ವಾಸುದೇವ ನೆಟ್ಟಗೆ ನಿಂತು, ನಗುತ್ತ ಸ್ವರ್ಗದ ಮೆಟ್ಟಿಲು ಹತ್ತಿದ.

ಮರಳುವಾಗ ಜಲಜಾಕ್ಷಿ ಲಾಂಚಿನ ತುದಿಯಲ್ಲಿ ನಿಂತು, ದಡ ಮುಟ್ಟುವವರೆಗೂ ಗಟ್ಟಿಯಾಗಿ ಹಾಡುತ್ತಲೇ ಇದ್ದಳು.