ಒಂದು ತೊಟ್ಟಿಲಿಗೆ ಒಂದೇ ಮಗು

ಹೆರಿಗೆ ವಾರ್ಡಿನ ಗೋಡೆಯ ಬೋರ್ಡು ಇಳಿಸಲು ಆಯಮ್ಮ ಸ್ಟೂಲು ಹತ್ತಿದ್ದಳು. ಸ್ಟೂಲು ಅಲುಗಾಡದಂತೆ ಹಿಡಿದುಕೊಂಡಿದ್ದವಳು ದೂರದ ದೇಶದಿಂದ ಕೆಲಸ ಕಲಿಯಲು ಬಂದಿದ್ದ ನರ್ಸು. ಎರಡು ವರ್ಷದ ಕಲಿಕೆ ಮುಗಿದು, ಅವಳು ಅಂದು ಸಂಜೆಯೇ ತನ್ನ ದೇಶಕ್ಕೆ ಹೊರಡುವವಳಿದ್ದಳು. ವಾರ್ಡಿಗೂ ಅದೇ ಕೊನೆಯ ದಿನ. ಹನ್ನೆರಡು ತೊಟ್ಟಿಲುಗಳಲ್ಲಿ ಹನ್ನೊಂದು ಯಾವಾಗಿನಿಂದಲೋ ಖಾಲಿ. ಹನ್ನೆರಡನೆಯದರ ಮಗು ಬೆಳಿಗ್ಗೆ ಮನೆಗೆ ಹೋಗಿತ್ತು. ನಾಳೆ ಪಕ್ಕದ ಕೋಣೆಯಂತೆ ಇಲ್ಲಿಯೂ ವಯಸ್ಸಾದವರ ಮಂಚಗಳು ಬರಲಿದ್ದವು.

"ಆಯಮ್ಮ, ಒಂದು ಮಾತು ಕೇಳ್ತೀನಿ, ನಗಬಾರದು," ಎಂದಳು ನರ್ಸು. "ಒಂದು ತೊಟ್ಟಿಲಿಗೆ ಒಂದೇ ಮಗು ಅಂತ ಈ ಬೋರ್ಡಲ್ಲಿ ಬರೆದಿದೆಯಲ್ಲ. ಇಲ್ಲಿ ವಾರಕ್ಕೆ ಮೂರು ಹೆರಿಗೆ ಆದ್ರೆ ಹೆಚ್ಚು. ಇಷ್ಟು ದಪ್ಪ ಅಕ್ಷರದಲ್ಲಿ ಯಾರಿಗೆ ಹೇಳೋಕೆ ಬರೆಸಿದ್ರು?"

ಮೊಳೆ ಕೀಳುತ್ತಿದ್ದ ಆಯಮ್ಮನ ಕೈ ನಿಂತಿತು. "ನನಗೇ," ಎಂದಳು.

ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ನಿಧಾನವಾಗಿ ಇಳಿದಳು. "ನಾನು ಕೆಲಸಕ್ಕೆ ಸೇರಿದಾಗ ದಿನಕ್ಕೆ ಇಪ್ಪತ್ತು ಹೆರಿಗೆ. ತೊಟ್ಟಿಲು ಇದ್ದದ್ದು ಇಷ್ಟೇ. ಒಂದೊಂದರಲ್ಲಿ ಮೂರು ಮೂರು ಮಲಗಿಸ್ತಿದ್ವಿ. ಹೊಸ ಡಾಕ್ಟರು ಬಂದು, ಇನ್ಮೇಲೆ ಇದೆಲ್ಲ ಕೂಡದು ಅಂತ ಬೋರ್ಡು ಹಾಕಿಸಿದ್ರು. ಹಾಕಿಸಿದ ಮೇಲೂ ನಾಲ್ಕು ವರ್ಷ ಇದರ ಕೆಳಗೇ ಮೂರು ಮೂರು ಮಲಗಿದ್ವು. ಏನು ಮಾಡೋದು, ಮಕ್ಕಳಿಗೆ ಓದೋಕೆ ಬರಲ್ವಲ್ಲ."

ನರ್ಸು ನಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕುಳಿತಳು. "ನಮ್ಮಲ್ಲಿ ಈಗ ದಿನಕ್ಕೆ ಮೂವತ್ತು ಹೆರಿಗೆ, ಆಯಮ್ಮ. ತೊಟ್ಟಿಲು ಹತ್ತು. ಹೋದ ವಾರ ಒಂದು ಕೂಸು ಪಕ್ಕದ ಕೂಸಿನ ಮಗ್ಗುಲಿಗೆ ಸಿಕ್ಕಿ ಉಸಿರು ಕಟ್ಟಿ ಹೋಯ್ತಂತೆ. ಇನ್ನೆರಡು ಅದಲುಬದಲಾದ್ವಂತೆ. ನಾಡಿದ್ದು ನಾನು ಡ್ಯೂಟಿಗೆ ನಿಲ್ಲಬೇಕು. ಇಲ್ಲಿ ಕಲಿತದ್ದೆಲ್ಲ ಮಿಷಿನ್ನಿನ ಮುಂದೆ. ಮೂರು ಮಕ್ಕಳನ್ನ ಒಂದೇ ತೊಟ್ಟಿಲಲ್ಲಿ ಹೇಗೆ ಉಳಿಸಿಕೊಳ್ಳಬೇಕು ಅಂತ ಯಾವ ಪಾಠದಲ್ಲೂ ಇರಲಿಲ್ಲ."

ಆಯಮ್ಮ ಬೋರ್ಡನ್ನು ಮುಖ ಕೆಳಗಾಗಿ ನೆಲಕ್ಕಿಟ್ಟಳು. ಮರೆತರೇ ಒಳ್ಳೆಯದು, ಯಾರಿಗೂ ಹೇಳಬಾರದು ಎಂದು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಕೆಲಸ ಅದು. ಬೀರುವಿನಿಂದ ಟವೆಲ್ಲುಗಳನ್ನು ತಂದು ಮೂರು ಕೂಸುಗಳ ಹಾಗೆ ಸುತ್ತತೊಡಗಿದಳು. ಅವಳ ಕೈಗಳು ಏನನ್ನೂ ಮರೆತಿರಲಿಲ್ಲ.

"ಉದ್ದಕ್ಕೆ ಮಲಗಿಸಬೇಡ, ಅಡ್ಡಕ್ಕೆ ಮಲಗಿಸು. ನಡುವಿನದರ ತಲೆ ಈ ಕಡೆ, ಆಚೀಚಿನವರ ತಲೆ ಆ ಕಡೆ. ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗಬಾರದು. ಮಧ್ಯೆ ಗಟ್ಟಿಯಾಗಿ ಸುತ್ತಿದ ಟವೆಲ್ಲು, ಹೊಲಕ್ಕೆ ಬದು ಹಾಕಿದ ಹಾಗೆ. ಎಲ್ಲಕ್ಕಿಂತ ಸಣ್ಣ ಕೂಸು ನಡುವೆ ಇರಲಿ, ಎರಡು ಕಡೆಯಿಂದ ಬಿಸಿ ಸಿಗುತ್ತೆ." ಆಮೇಲೆ ಗಾಯಕ್ಕೆ ಹಚ್ಚುವ ನೇರಳೆ ಬಣ್ಣದ ಔಷಧಿಯ ಬಾಟಲಿ ಎತ್ತಿಕೊಂಡಳು. "ಕೈಗೆ ಕಟ್ಟಿದ ಪಟ್ಟಿ ಸ್ನಾನ ಮಾಡಿಸುವಾಗ ಜಾರಿಹೋಗುತ್ತೆ. ಅದಕ್ಕೇ ಅಂಗಾಲಿಗೆ ತೊಟ್ಟಿಲಿನ ನಂಬರು, ಅದರ ಕೆಳಗೆ ಚುಕ್ಕೆ. ಎಡಗಡೆಯದಕ್ಕೆ ಒಂದು, ನಡುವಿನದಕ್ಕೆ ಎರಡು, ಬಲಗಡೆಯದಕ್ಕೆ ಮೂರು. ಅದೇ ಗುರುತು ಹೆತ್ತವಳ ಅಂಗೈಗೂ. ಮಗು ಕೊಡುವಾಗ ಮುಖ ನೋಡಬೇಡ, ಹುಟ್ಟಿದಾಗ ಎಲ್ಲವೂ ಒಣದ್ರಾಕ್ಷಿಯ ಹಾಗೇ ಇರ್ತವೆ. ಅಂಗಾಲು ನೋಡು, ಅಂಗೈ ನೋಡು, ಕೊಡು."

ಟವೆಲ್ಲಿನ ಕೂಸುಗಳನ್ನು ನರ್ಸು ಐದು ಸಲ ಮಲಗಿಸಿದಳು, ಐದು ಸಲ ಎತ್ತಿದಳು. ಆರನೆಯ ಸಲ ಆಯಮ್ಮ ಬೇಕೆಂದೇ ಒಂದರ ತಲೆ ತಿರುಗಿಸಿಟ್ಟಳು. ನರ್ಸು ಬೈದು ಸರಿಮಾಡಿದಳು. "ಬೈಗುಳವೂ ಬಂತಲ್ಲ, ಇನ್ನು ನೀನು ಗೆದ್ದೆ," ಎಂದಳು ಆಯಮ್ಮ.

"ಆಯಮ್ಮ, ಮಕ್ಕಳು ಕಡಿಮೆ ಸಾಕು ಅನ್ನೋ ಬುದ್ಧಿ ನಿಮ್ಮ ಜನಕ್ಕೆ ಹೇಗೆ ಬಂತು?"

"ಬುದ್ಧಿ ಆಗಲೂ ಇತ್ತು ಮಗಳೇ, ಧೈರ್ಯ ಇರಲಿಲ್ಲ. ನಮ್ಮಮ್ಮ ಒಂಬತ್ತು ಹೆತ್ತಳು, ಉಳಿದದ್ದು ನಾಲ್ಕು. ಐದು ಹೋದದ್ದನ್ನ ಕಂಡವಳು ಎರಡಕ್ಕೆ ನಿಲ್ಲಿಸ್ತಾಳಾ? ಆಮೇಲೆ ಚುಚ್ಚುಮದ್ದು ಬಂತು, ನಲ್ಲಿ ನೀರು ಬಂತು, ಹುಟ್ಟಿದವು ಉಳಿಯೋಕೆ ಶುರುವಾದ್ವು. ಜನ ಮಾತ್ರ ಬೇಗ ನಂಬಲಿಲ್ಲ, ಹೆರ್ತಾನೇ ಇದ್ರು. ಈ ತೊಟ್ಟಿಲುಗಳು ತುಂಬಿ ತುಳುಕಿದ್ದು ಆಗಲೇ. ನಂಬಿದ ಮೇಲೆ ನಾನು ಮೂರಕ್ಕೆ ನಿಲ್ಲಿಸಿದೆ. ನನ್ನ ಮಗಳು ಓದಿದಳು, ಕೆಲಸಕ್ಕೆ ಸೇರಿದಳು, ಒಂದೇ ಸಾಕು ಅಂದಳು."

"ನಮ್ಮವರು ಇನ್ನೂ ನಂಬಿಲ್ಲ."

"ಮೂರಕ್ಕೆ ಮೂರನ್ನೂ ಮನೆಗೆ ಕಳಿಸು. ತಾವಾಗೇ ನಂಬ್ತಾರೆ."

ನರ್ಸು ಬೂಟು ಬಿಚ್ಚಿ, ತನ್ನ ಅಂಗಾಲಿಗೆ ನೇರಳೆ ಔಷಧಿಯಿಂದ ಎರಡು ಚುಕ್ಕೆ ಇಟ್ಟುಕೊಂಡಳು. ಆಮೇಲೆ ಆಯಮ್ಮನ ಕೈ ಹಿಡಿದು, ಒರಟು ಅಂಗೈಯ ನಡುವೆ ಎರಡು ಚುಕ್ಕೆ ಇಟ್ಟಳು. "ಅದಲುಬದಲಾಗಬಾರದಲ್ಲ," ಎಂದು ಬ್ಯಾಗು ಎತ್ತಿಕೊಂಡು ಹೊರಟಳು. ಬಾಟಲಿಯನ್ನು ಆಯಮ್ಮ ಅವಳ ಬ್ಯಾಗಿನೊಳಗೆ ತುರುಕಿದ್ದಳು.

ಸಂಜೆ ಆಯಮ್ಮ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕಿಯ ದಿಂಬು ಸರಿಪಡಿಸುತ್ತಿದ್ದಳು. ನಲವತ್ತು ವರ್ಷದ ಹಿಂದೆ ಆ ಮುದುಕಿ ಇದೇ ಆಸ್ಪತ್ರೆಯಲ್ಲಿ ಹೆತ್ತು, ಅಂಗೈಯ ಚುಕ್ಕೆ ತೋರಿಸಿ ಮಗುವನ್ನು ಪಡೆದು ಹೋಗಿದ್ದಳು. ಈಗ ಆಯಮ್ಮನ ಕೈಯನ್ನು ಗಪ್ಪನೆ ಹಿಡಿದು ಬೆಳಕಿಗೆ ತಿರುಗಿಸಿದಳು.

"ಇದೇನೇ ಇದು, ಎರಡು ಚುಕ್ಕೆ. ಈ ವಯಸ್ಸಲ್ಲಿ ಹೆತ್ತೆಯಾ?"

"ಹೂಂ ಅಕ್ಕ, ಹೆಣ್ಣು," ಎಂದಳು ಆಯಮ್ಮ. "ಈಗಷ್ಟೇ ಮನೆಗೆ ಕಳಿಸಿದೆ."