ಕೊಸರು

ಆ ಬೆಳಿಗ್ಗೆ ಕೊಪ್ಪದ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ಡೇರಿಗೆ ಹೊರಟ ಹಾಲಿನ ಕ್ಯಾನುಗಳ ಸದ್ದು ಕೇಳುತ್ತಿತ್ತು, ಹೊತ್ತವರ ಮುಖ ಕಾಣುತ್ತಿರಲಿಲ್ಲ. ಮದ್ದೂರಿನ ಮೊದಲ ಬಸ್ಸಿನಿಂದ ಇಳಿದ ಕವಿತ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎಲ್ಲಿಯೂ ನಿಲ್ಲದೆ ಜವರಯ್ಯನವರ ಅಂಗಡಿಯತ್ತ ನಡೆದಳು.

ಅವಳಿಗೆ ತಿಳಿಯಬೇಕಾಗಿದ್ದು ಒಂದೇ. ಇವತ್ತು ಆ ಬೆಲ್ಲದ ಡಬ್ಬಿಗೆ ಅವರ ಕೈ ಹೋಗುತ್ತದೋ ಇಲ್ಲವೋ.

ಈ ಬೀದಿಯಲ್ಲಿ ಬೆಳೆದವರಿಗೆಲ್ಲ ಆ ಡಬ್ಬಿ ಗೊತ್ತು. ಸಾಮಾನು ತೂಗಿ ಕಟ್ಟಿಕೊಟ್ಟ ಮೇಲೆ ಜವರಯ್ಯ ಅದರಿಂದ ಅಚ್ಚುಬೆಲ್ಲದ ಚೂರೊಂದನ್ನು ಮುರಿದು ಗಿರಾಕಿಯ ಕೈಗಿಡುತ್ತಿದ್ದರು. ತೂಕಕ್ಕೆ ಸೇರದ ಕೊಸರು. ಹಿಟ್ಟಿನ ಮಿಲ್ಲಿನವರ ಮಕ್ಕಳು, ಸೈಕಲ್ ಶಾಪಿನ ಹುಡುಗರು, ಟೈಲರ್ ಮಗಳು ಶಾಲಿನಿ, ಎಲ್ಲರೂ ಅದಕ್ಕಾಗಿಯೇ ಉಪ್ಪು ತರಲು ಜಗಳವಾಡುತ್ತಿದ್ದರು.

ಕವಿತಳಿಗೆ ಮಾತ್ರ ಒಮ್ಮೆಯೂ ಸಿಗಲಿಲ್ಲ. ಕಟ್ಟೆಯ ಪಕ್ಕ ನಿಂತು ಅವಳೂ ಕೈ ಚಾಚುತ್ತಿದ್ದಳು.

“ಕೊಸರು ಗಿರಾಕಿಗೆ ಕಣಮ್ಮಿ. ನೀನೇನು ಗಿರಾಕಿಯಾ? ಅತ್ಲಾಗೋಗು.”

ಬೀದಿಯೇ ನಗುತ್ತಿತ್ತು. ಶಾಲಿನಿ ಬೇಕೆಂದೇ ಅವಳೆದುರು ನಿಂತು ಬೆಲ್ಲ ಚೀಪುತ್ತಿದ್ದಳು. ಕವಿತ ಅಳುತ್ತ ಓಡಿಹೋಗುತ್ತಿದ್ದಳು.

ಹೋದ ವಾರ ಬಂದಾಗ ಕಾಸು ಕೊಟ್ಟೇ ಸೋಪು ಕೇಳಿದ್ದಳು. ಜವರಯ್ಯ ಕಾಸನ್ನು ಹಿಂದಕ್ಕೆ ತಳ್ಳಿ, “ನೀನೇನು ಗಿರಾಕಿಯಾ?” ಎಂದು ಅದೇ ಹಳೆಯ ದನಿಯಲ್ಲಿ ಗದರಿದ್ದರು. ಮದ್ದೂರು ತಲುಪುವವರೆಗೂ ಬಸ್ಸಿನಲ್ಲಿ ಅವಳು ಅದೊಂದೇ ಮಾತನ್ನು ಮೆಲುಕು ಹಾಕಿದ್ದಳು.

ಅಂಗಡಿಯ ಹಲಗೆಗಳು ತೆರೆದಿದ್ದವು. ದೇವರ ಪಟದ ಮುಂದೆ ದೀಪ ಉರಿಯುತ್ತಿತ್ತು. ಪುಟ್ಟಮಾದಮ್ಮ ಆಗಲೇ ಬಂದು ಊದುಬತ್ತಿ ಕೇಳುತ್ತಿದ್ದಳು.

“ನಿಂದೇ ಬೋಣಿ ಕಣಮ್ಮ,” ಎಂದರು ಜವರಯ್ಯ. ಅವರು ಹೇಳಿದ ಬೆಲೆಗೆ ಈಗ ಬೆಂಕಿಪೊಟ್ಟಣವೂ ಬರುವುದಿಲ್ಲ. ಪುಟ್ಟಮಾದಮ್ಮ ಅಷ್ಟೇ ಕೊಟ್ಟಳು. ಬೆಲ್ಲದ ಚೂರು ಅವಳ ಕೈಗೆ ಬಂತು.

“ನಿನ್ ಬೆಲ್ಲ ತಿಂದೇ ಕಣಣ್ಣ ನನ್ ಹಲ್ಲೆಲ್ಲ ಉದುರೋಗಿರೋದು.”

“ಅಂಗಾರೆ ನಿನ್ ಮಗೀಗೆ ಕೊಡು. ಇಸ್ಕೂಲಿಗೆ ಓಯ್ತಾ ತಿನ್ಕತದೆ.”

“ಕೊಡ್ತೀನಿ ಬುಡಣ್ಣ,” ಎಂದಳು ಮೊಮ್ಮಕ್ಕಳನ್ನೂ ಕಂಡಿದ್ದ ಪುಟ್ಟಮಾದಮ್ಮ.

ಹಿಂತಿರುಗಿದ ಪುಟ್ಟಮಾದಮ್ಮ ಕವಿತಳನ್ನು ಕಂಡು ಹತ್ತಿರ ಬಂದಳು. ಅವಳ ತೋಳನ್ನೊಮ್ಮೆ ಒತ್ತಿದಳು. ಆಮೇಲೆ ಮನೆಯ ದಾರಿ ಹಿಡಿಯದೆ ಅಂಗಡಿ ಪಕ್ಕದ ಓಣಿಗೆ ತಿರುಗಿಕೊಂಡಳು.

ಕವಿತ ಮನಸ್ಸಿನಲ್ಲೇ ಮದ್ದೂರಮ್ಮನಿಗೆ ಕೈಮುಗಿದು ಮುಂದೆ ಬಂದಳು.

“ಒಂದು ಸೋಪು.”

ಜವರಯ್ಯ ಸೋಪನ್ನು ಟವೆಲ್ಲಿನಿಂದ ಒರೆಸಿ ಹಲಗೆಯ ಮೇಲಿಟ್ಟರು. ಅದರ ಸುತ್ತಿನ ಕಾಗದ ಬಹಳ ಕೈ ಬದಲಾಯಿಸಿದ ನೋಟಿನಂತೆ ಮೆತ್ತಗಾಗಿತ್ತು. ಕವಿತ ಕಾಸು ಚಾಚಿದಳು. ಅವರು ಈ ಸಲ ತಳ್ಳಲಿಲ್ಲ. ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಅವರ ಕೈ ಡಬ್ಬಿಯತ್ತ ಹೋಯಿತು. ಕವಿತ ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಂಗೆ ಕೊಸರು ಬ್ಯಾಡ,” ಎಂದಳು.

“ಬ್ಯಾಡ ಅನ್ಬಾರ್ದು ಕಣವ್ವ. ದೂರದಿಂದ ಬಂದಂಗಿದ್ದೀಯ. ಗಿರಾಕಿ ಬರಿಗೈಲಿ ಓಗ್ಬಾರ್ದು.”

ಅವಳು ಎರಡೂ ಕೈ ಒಡ್ಡಿ, ಪ್ರಸಾದದಂತೆ ಅದನ್ನು ತೆಗೆದುಕೊಂಡಳು. ಬಾಯಿಗೆ ಹಾಕಿಕೊಂಡಳು. ಅಷ್ಟು ವರ್ಷ ಕಾದ ಬೆಲ್ಲ.

“ಯಾಕವ್ವ, ಕಣ್ಣಲ್ಲಿ ನೀರು?”

“ಏನಿಲ್ಲ. ಬೆಲ್ಲ ಚೆಂದಾಗದೆ.”

“ಮತ್ತೆ ಬಾವ್ವ.”

“ಬತ್ತೀನಿ.”

ಕವಿತಳೂ ಪಕ್ಕದ ಓಣಿಗೆ ತಿರುಗಿದಳು. ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಪುಟ್ಟಮಾದಮ್ಮನ ಊದುಬತ್ತಿ ಆಗಲೇ ಕುಳಿತಿತ್ತು. ಒಳಗೆ ಜವರಯ್ಯನವರ ಹೆಂಡತಿ ಹೊಂಬಾಳಮ್ಮ ಕಾಯುತ್ತಿದ್ದಳು. ಗಂಡ ಮಲಗಿದ ಮೇಲೆ ಬೀದಿಯವರು ಹಿಂದಕ್ಕೆ ತಂದಿಟ್ಟಿದ್ದನ್ನೆಲ್ಲ ಮತ್ತೆ ಶೆಲ್ಫಿನಲ್ಲಿ ಜೋಡಿಸಬೇಕು. ಕವಿತ ಸೋಪನ್ನು ಊದುಬತ್ತಿಯ ಪಕ್ಕ ಇಟ್ಟಳು. ಮಂಜಿನಲ್ಲಿ ಬೀದಿಯವರು ಯಾರೋ ಎಂದುಕೊಂಡ ಹೊಂಬಾಳಮ್ಮ ದಿನದ ರೂಢಿಯಂತೆ ಸೆರಗಿನ ಗಂಟು ಬಿಚ್ಚಿ, ಸೋಪಿನ ಕಾಸನ್ನು ಸದ್ದಿಲ್ಲದೆ ಅವಳ ಅಂಗೈಗೆ ಹಿಂದಿರುಗಿಸಿದಳು.

“ನಾನು ಕಣವ್ವ, ನಿನ್ ಮಗಳು,” ಎಂದಳು ಕವಿತ. “ಅಪ್ಪ ಇವತ್ತು ನಂಗೂ ಕೊಸರು ಕೊಟ್ಬುಡ್ತು.”